ಯಾರಿಗೂ ಹೇಳ್ಬೇಡಿ

ಮೈಸೂರಿನಲ್ಲಿ ಒಂದು ಸುದ್ದಿ ಊರೆಲ್ಲ ಓಡಾಡಬೇಕಾದರೆ ಪತ್ರಿಕೆ ಬೇಡ, ಟೀವಿ ಬೇಡ. ಯಾರದಾದರೂ ಕಿವಿಯ ಹತ್ತಿರ ಬಗ್ಗಿ "ಯಾರಿಗೂ ಹೇಳ್ಬೇಡಿ, ನಿಮ್ಗೆ ಮಾತ್ರ ಹೇಳ್ತಿದೀನಿ" ಅಂದರೆ ಮುಗಿಯಿತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೊರಟ ಮಾತು ಮಧ್ಯಾಹ್ನ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟಿನ ಜೊತೆ ಚೀಲ ಸೇರಿ, ಸಂಜೆಗೆ ಸರಸ್ವತಿಪುರಂನ ಯಾವುದೋ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತದೆ. ಆ ಕೆರೆಗೆ ಒಂದು ಸುತ್ತು ಹಾಕಿ ನೋಡಿ. ಮುಂದೆ ಹೋಗುವವರ ಸಕ್ಕರೆ ಎಷ್ಟು, ಹಿಂದೆ ಬರುವವರ ಮಗನ ಪ್ಯಾಕೇಜ್ ಎಷ್ಟು, ಎದುರಿಗೆ ಸಿಕ್ಕವರು ಜೆ.ಪಿ. ನಗರದ ಸೈಟನ್ನು ಎಷ್ಟಕ್ಕೆ ಕೊಟ್ಟರು, ಅದರಲ್ಲಿ ಕಾಗದದ ಮೇಲೆ ಬಂದದ್ದೆಷ್ಟು, ಚೀಲದಲ್ಲಿ ಬಂದದ್ದೆಷ್ಟು, ಎಲ್ಲ ತಿಳಿಯುತ್ತದೆ. ಪಾಸ್‌ವರ್ಡ್ ಕೇಳುವವರಿಲ್ಲ. ಕೆರೆಯ ಹೆಜ್ಜಾರ್ಲೆಗಳಿಗೆ ಮಾತು ಬಂದರೆ ಆದಾಯ ತೆರಿಗೆಯವರಿಗೆ ಬೇರೆ ಮಾಹಿತಿದಾರರೇ ಬೇಕಾಗುವುದಿಲ್ಲ.

ಇಂಥ ಊರಿನವರು ಈಚೆಗೆ "ಪ್ರೈವೆಸಿ, ಪ್ರೈವೆಸಿ" ಅನ್ನಲು ಶುರುಮಾಡಿದ್ದಾರೆ. ಬಹಳ ಸಂತೋಷ. ಹಾಗೆ ಅನ್ನುವವರ ಜೊತೆ ಒಂದು ಜೆರಾಕ್ಸ್ ಅಂಗಡಿಯವರೆಗೆ ಹೋಗಿಬನ್ನಿ. ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮೂರನ್ನೂ ಅಂಗಡಿಯವನ ವಾಟ್ಸಾಪಿಗೆ ಕಳಿಸಿ "ಎರಡೆರಡು ಕಾಪಿ ತೆಗಿಯಪ್ಪಾ" ಅನ್ನುತ್ತಾರೆ. ಕಾಪಿ ತಗೊಂಡು ಹಣ ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಬರುತ್ತಾರೆ. ಒಂದು ರೂಪಾಯಿ ಕಮ್ಮಿ ಬಂದರೆ ಜಗಳ. ಆದರೆ ಅಂಗಡಿಯವನ ಕಂಪ್ಯೂಟರಿನಲ್ಲಿ ತಮ್ಮ ಇಡೀ ಜಾತಕ ಮಲಗಿರುವುದರ ಬಗ್ಗೆ ಚಕಾರ ಇಲ್ಲ. ಪಾಪ, ಅವನಿಗೂ ಅದು ಬೇಕಾಗಿಲ್ಲ. ಅವನ ಹುಡುಗನಿಗೆ ಬೇಕಾಗಬಹುದು, ಆ ಹುಡುಗನಿಂದ ನಂಬರುಗಳ ಪಟ್ಟಿ ಕೊಳ್ಳುವವನಿಗಂತೂ ಬೇಕೇ ಬೇಕು.

ಹಾಗಂತ ಖಾಸಗಿತನಕ್ಕೂ ಮೈಸೂರಿಗೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಆದದ್ದೇ ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದ ಒಬ್ಬ ಹಿರಿಯರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹುಟ್ಟಿದ್ದು 1926ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು 2012ರಲ್ಲಿ. ಲೆಕ್ಕ ಹಾಕಿ, ಎಂಬತ್ತಾರು ವರ್ಷ. ಆ ವಯಸ್ಸಿನಲ್ಲಿ ನಮ್ಮ ಕಡೆಯವರು ಪಂಚಾಂಗ ನೋಡಿಕೊಂಡು ಸೊಸೆಯ ಮೇಲೆ ದಾವೆ ಹೂಡುತ್ತಾರೆಯೇ ಹೊರತು ಭಾರತ ಸರ್ಕಾರದ ಮೇಲಲ್ಲ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರದ ವಕೀಲರು ವಾದಿಸಿದರು. 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ ಹೇಳಿದ ಒಂದು ಮಾತು ಅವರ ಕೈಯಲ್ಲಿತ್ತು. ಎಂಟು ಜನ ಹೇಳಿದ್ದನ್ನು ಅಳಿಸಬೇಕಾದರೆ ಒಂಬತ್ತು ಜನ ಬೇಕು. ಒಂಬತ್ತು ಜನರೇ ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಹೌದು, ಮೂಲಭೂತ ಹಕ್ಕೇ. ನಮ್ಮ ಬೀದಿಯ ಗಣೇಶೋತ್ಸವದ ಸಮಿತಿಯಲ್ಲಿ ಪ್ರಸಾದಕ್ಕೆ ಪುಳಿಯೋಗರೆಯೋ ಮೊಸರನ್ನವೋ ಅನ್ನುವುದರಲ್ಲಿ ಐದು ಜನ ಒಮ್ಮತಕ್ಕೆ ಬಂದ ದಾಖಲೆ ಇಲ್ಲ.

ತಮಾಷೆ ಏನಪ್ಪಾ ಅಂದರೆ, ಪುಟ್ಟಸ್ವಾಮಿಯವರು ಕೋರ್ಟಿಗೆ ಹೋಗುವ ಎರಡು ವರ್ಷ ಮೊದಲೇ ನಾವು ಬೆರಳು ಕೊಟ್ಟು ಆಗಿತ್ತು. 2010ರಲ್ಲಿ ಕರ್ನಾಟಕದಲ್ಲಿ ಆಧಾರ್ ಪ್ರಯೋಗಕ್ಕೆ ಆರಿಸಿದ ಜಿಲ್ಲೆಗಳು ಮೈಸೂರು ಮತ್ತು ತುಮಕೂರು. ಸಾಲಿನಲ್ಲಿ ನಿಂತು ಹತ್ತು ಬೆರಳು ಒತ್ತಿ, ಕಣ್ಣು ಅರಳಿಸಿ, "ಫೋಟೋ ಚೆನ್ನಾಗಿ ಬಂತಾ?" ಅಂತ ಕೇಳಿ ಬಂದವರು ನಾವು. ಬೆರಳಿನ ವಿಷಯದಲ್ಲಿ ಈ ಊರಿಗೆ ಹಳೇ ಚಾಳಿ ಅನ್ನಿ. ನಾಲ್ವಡಿಯವರು 1937ರಲ್ಲಿ ಶುರುಮಾಡಿದ ಮೈಸೂರು ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಹಚ್ಚುತ್ತಿರುವುದು. ಆ ಶಾಯಿಯ ಗುಣ ನೋಡಿ. ಓಟು ಹಾಕಿದ್ದೀರಿ ಅನ್ನುವುದನ್ನು ಊರಿಗೆಲ್ಲ ಹೇಳುತ್ತದೆ, ಯಾರಿಗೆ ಹಾಕಿದಿರಿ ಅನ್ನುವುದನ್ನು ಸತ್ತರೂ ಹೇಳುವುದಿಲ್ಲ. ಆಮೇಲೆ ಉಗುರಿನ ಜೊತೆ ತಾನೇ ಬೆಳೆದು ಹೋಗುತ್ತದೆ. ಇಷ್ಟು ಮರ್ಯಾದಸ್ಥ ಗುರುತನ್ನು ಕಂಪ್ಯೂಟರಿನವರು ಇನ್ನೂ ಕಂಡುಹಿಡಿದಿಲ್ಲ.

ಈಗ ದೊಡ್ಡಮ್ಮನ ಕಥೆಗೆ ಬರುತ್ತೇನೆ. ಅಗ್ರಹಾರದ ಹಳೇ ಮನೆ, ಇಡೀ ಬೀದಿಗೆ ಅವರು ದೊಡ್ಡಮ್ಮ. ಒಂದು ಬೆಳಿಗ್ಗೆ ಅವರ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಖಾಕಿ ಬಟ್ಟೆ, ಹಿಂದೆ ಬಾವುಟ, ಗೋಡೆಯ ಮೇಲೆ ಲಾಂಛನ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ, ಕ್ಯಾಮೆರಾ ಮುಂದಿಂದ ಏಳುವಂತಿಲ್ಲ ಅಂತ ಅವನು ಹಿಂದಿಯಲ್ಲಿ ಗದರಿಸಿದ. ಇವರು ಕನ್ನಡದಲ್ಲಿ ವಿಚಾರಿಸಿಕೊಂಡರು. ಹೆಸರು, ವಿಳಾಸ, ಆಧಾರ್ ನಂಬರು ಎಲ್ಲ ಸರಿಯಾಗಿ ಹೇಳಿದನಂತೆ. (ಜೆರಾಕ್ಸ್ ಅಂಗಡಿ ಜ್ಞಾಪಕ ಇದೆ ತಾನೆ?)

"ಮೊದಲು ರೂಮಿನ ಬಾಗಿಲು ಹಾಕಿಕೊಳ್ಳಿ. ಯಾರಿಗೂ ಹೇಳಬೇಡಿ" ಅಂದ.

"ಬಾಗ್ಲು ಹಾಕಕ್ಕಾಗಲ್ಲಪ್ಪ, ಚಿಲಕ ಕಿತ್ತೋಗಿದೆ. ಆಚಾರಿ ಬರ್ತೀನಿ ಅಂತ ಯುಗಾದಿಯಿಂದ ಹೇಳ್ತಾನೇ ಇದಾನೆ" ಅಂದರು ದೊಡ್ಡಮ್ಮ.

ಅಷ್ಟರಲ್ಲಿ ಹೂವಿನವಳು ಬಂದಳು. ಪಾತ್ರೆ ತೊಳೆಯುವವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ದೊಡ್ಡಮ್ಮನ ಹೆಗಲ ಮೇಲಿಂದ ಬಗ್ಗಿ, "ಯಾರ್ ದೊಡ್ಡಮ್ಮಾ ಇದು? ನಿಮ್ ಮೊಮ್ಮಗಳಿಗೆ ನೋಡ್ತಿರೋ ಗಂಡಾ? ಪೊಲೀಸ್ ಕೆಲ್ಸನಾ?" ಅಂದರು. "ವಯಸ್ಸು ಜಾಸ್ತಿ ಆಯ್ತಲ್ವಾ?" ಅಂದಳು ಹೂವಿನವಳು. ಖಾಕಿಯವನು ಫೋನ್ ಇಟ್ಟುಬಿಟ್ಟ. ಮತ್ತೆ ಬರಲಿಲ್ಲ.

ನಗಬೇಡಿ, ಇದರಲ್ಲಿ ವಿಷಯ ಇದೆ. 2024ರ ಮೊದಲ ನಾಲ್ಕು ತಿಂಗಳಲ್ಲೇ ಈ ಡಿಜಿಟಲ್ ಅರೆಸ್ಟಿನಲ್ಲಿ ಭಾರತೀಯರು ಕಳೆದುಕೊಂಡದ್ದು 120 ಕೋಟಿ ರೂಪಾಯಿಗೂ ಮೇಲೆ ಅಂತ ಸರ್ಕಾರದ ಲೆಕ್ಕ. ಆ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇಂಥದೊಂದು ಕರೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಫೋನಿನ ಈ ತುದಿಯಲ್ಲಿದ್ದವರು ನಮ್ಮ ವಿಜಯಪುರದವರು. ಹಣ ಕಳೆದುಕೊಂಡವರ ಕಥೆಗಳನ್ನು ಓದುತ್ತಾ ಹೋಗಿ, ಪೆದ್ದರು ಬಹಳ ಕಡಿಮೆ. ನಿವೃತ್ತ ಅಧಿಕಾರಿಗಳು, ವೈದ್ಯರು, ಇಂಜಿನಿಯರುಗಳು. ಬಹಳ ಜನಕ್ಕೆ ಗಟ್ಟಿ ಚಿಲಕ ಇರುವ ರೂಮಿತ್ತು, ಮಕ್ಕಳು ಅಮೆರಿಕದಲ್ಲಿದ್ದರು, ಹೆಪ್ಪಿಗೆ ಮಜ್ಜಿಗೆ ಕೇಳುವವರು ಯಾರೂ ಇರಲಿಲ್ಲ. ಕಳ್ಳನ ಬಂಡವಾಳ ಇಷ್ಟೇ: ನಿಮ್ಮ ಬಗ್ಗೆ ಅವನಿಗೆ ಎಲ್ಲ ಗೊತ್ತು, ಅವನ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ, ಮತ್ತು ನೀವು ಯಾರನ್ನೂ ಕೇಳುವಂತಿಲ್ಲ.

ಸರಿ, ಹಣ ಹೋದ ಮೇಲೆ? 1930ಕ್ಕೆ ಫೋನ್ ಮಾಡಬೇಕು, ಅದೂ ತಡಮಾಡದೆ. ಆಮೇಲೆ ಸೈಬರ್ ಅಪರಾಧ ಠಾಣೆ. ಇಲ್ಲಿಂದ ಕಳ್ಳನಿಗೂ ಪೊಲೀಸರಿಗೂ ಓಟದ ಪಂದ್ಯ ಶುರು. ನಿಮ್ಮ ಹಣ ಮಧ್ಯಾಹ್ನದೊಳಗೆ ಹತ್ತಾರು ಬಾಡಿಗೆ ಖಾತೆಗಳನ್ನು ದಾಟಿ ಕ್ರಿಪ್ಟೋ ಆಗಿ ಗಡಿ ಬಿಟ್ಟಿರುತ್ತದೆ. ಮಾತಾಡಿದವನು ಕಾಂಬೋಡಿಯಾದಲ್ಲೋ ಮ್ಯಾನ್ಮಾರಿನಲ್ಲೋ ಬೇಲಿ ಹಾಕಿದ ಆವರಣದೊಳಗೆ ಕೂತಿರುತ್ತಾನೆ. ಕೆಲಸ ಕೊಡಿಸುತ್ತೇವೆ ಅಂತ ಮೋಸದಿಂದ ಎಳೆದೊಯ್ದ ನಮ್ಮವನೇ ಒಬ್ಬ ಹುಡುಗನೂ ಇರಬಹುದು. ಅವನು ಕರೆಗೆ ಬಳಸಿದ ಖಾತೆಯ ಮಾಹಿತಿ ಅಮೆರಿಕದ ಕಂಪನಿಯ ಹತ್ತಿರ. ಈಗ ನಮ್ಮ ಇನ್ಸ್‌ಪೆಕ್ಟರ್ ಏನು ಮಾಡಬೇಕು? ವಿದೇಶದಿಂದ ಸಾಕ್ಷ್ಯ ಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಮಿನ ಪ್ರಕಾರ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ನ್ಯಾಯಾಲಯದಿಂದ ವಿನಂತಿ ಪತ್ರ, ಅದು ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಆ ದೇಶದ ಸಚಿವಾಲಯಕ್ಕೆ, ಅವರ ನ್ಯಾಯಾಲಯಕ್ಕೆ, ಕೊನೆಗೆ ಕಂಪನಿಗೆ. ಉತ್ತರ ಅದೇ ದಾರಿಯಲ್ಲಿ ನಡೆದುಕೊಂಡು ವಾಪಸ್. ಪತ್ರ ಮೈಸೂರಿಗೆ ಬರುವ ಹೊತ್ತಿಗೆ ಇನ್ಸ್‌ಪೆಕ್ಟರ್‌ಗೆ ವರ್ಗ ಆಗಿರುತ್ತದೆ.

2001 ಅನ್ನುವುದು ಒಂದು ವಿಚಿತ್ರ ವರ್ಷ. ಆ ವರ್ಷವೇ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾಯಿತು. ಆ ಅಕ್ಟೋಬರಿನಲ್ಲೇ ಅಪರಾಧ ಪ್ರಕರಣಗಳಲ್ಲಿ ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದಕ್ಕೆ ಭಾರತ ಮತ್ತು ಅಮೆರಿಕ ಸಹಿ ಹಾಕಿದವು. ಅದು ಜಾರಿಗೆ ಬಂದದ್ದು 2005ರಲ್ಲಿ. ನವೆಂಬರ್ 23ರಂದು ಬುಡಾಪೆಸ್ಟ್‌ನಲ್ಲಿ ಯುರೋಪಿನವರು ಸೈಬರ್ ಅಪರಾಧದ ಮೊದಲ ಅಂತರರಾಷ್ಟ್ರೀಯ ಒಪ್ಪಂದವನ್ನು ಸಹಿಗೆ ಇಟ್ಟರು. ಅಮೆರಿಕ, ಜಪಾನ್, ಕೆನಡಾ ಸೇರಿಕೊಂಡವು. ಭಾರತ ಇವತ್ತಿಗೂ ಸೇರಿಲ್ಲ. ಕರಡು ಬರೆಯುವಾಗ ನಮ್ಮನ್ನು ಕೇಳಲಿಲ್ಲ ಅನ್ನುವುದು ಒಂದು ಕಾರಣ. ಮಾತುಕತೆಗೆ ಕರೆಯದೆ, ನಿಶ್ಚಿತಾರ್ಥಕ್ಕೂ ಕರೆಯದೆ, ಮುಯ್ಯಿ ಹಾಕುವುದಕ್ಕೆ ಮಾತ್ರ ಬನ್ನಿ ಅಂದರೆ ಯಾವ ಬೀಗರು ಬರುತ್ತಾರೆ?

ಗಡಿ ದಾಟಲಾರದ ಕಾನೂನಿಗೆ ಏನಾಗುತ್ತದೆ ಅನ್ನುವುದನ್ನು ನೋಡಲು ದೂರ ಹೋಗಬೇಕಿಲ್ಲ. ಒಂದು ಕಂಪನಿಯ ಹೆಣ್ಣುಮಕ್ಕಳ ಬಗ್ಗೆ ಯಾರೋ ಅಶ್ಲೀಲ ಇಮೇಲ್‌ಗಳನ್ನು ಕಳಿಸಿದರು, ಎ.ಐ.ಯಿಂದ ಕೆಟ್ಟ ಚಿತ್ರಗಳನ್ನೂ ಮಾಡಿ ಸೇರಿಸಿದರು. ಬಂದದ್ದು ಪ್ರೋಟಾನ್ ಮೇಲ್‌ನಿಂದ. ಅದು ಸ್ವಿಟ್ಜರ್ಲೆಂಡಿನದು. ಗುಟ್ಟು ಕಾಪಾಡುವುದೇ ಅದರ ವ್ಯಾಪಾರ, ಪರದೇಶದ ಪೊಲೀಸರಿಗೆ ನೇರವಾಗಿ ಮಾಹಿತಿ ಕೊಡುವುದಕ್ಕೆ ಅಲ್ಲಿನ ಕಾನೂನೂ ಬಿಡುವುದಿಲ್ಲ. ಪೊಲೀಸರು ಕೈಚೆಲ್ಲಿದರು. ಕಂಪನಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಪ್ರೋಟಾನ್ ಮೇಲನ್ನು ದೇಶದಲ್ಲಿ ನಿರ್ಬಂಧಿಸಲು ಕ್ರಮ ಶುರುಮಾಡಿ ಅಂತ ಕೇಂದ್ರಕ್ಕೆ ಆದೇಶಿಸಿದರು. ಒಬ್ಬ ಪೋಕರಿಯ ವಿಳಾಸ ಸಿಗಲಿಲ್ಲ ಅಂತ ಇಡೀ ಅಂಚೆ ಕಚೇರಿಗೇ ಬೀಗ! ಆ ಹೆಣ್ಣುಮಕ್ಕಳ ಖಾಸಗಿತನಕ್ಕೆ ಬೆಲೆ ಇಲ್ಲವೇ? ಖಂಡಿತ ಇದೆ, ಎಲ್ಲಕ್ಕಿಂತ ಮೊದಲು ಅವರದ್ದೇ. ಹಾಗಾದರೆ ಅದೇ ಪೆಟ್ಟಿಗೆಯಲ್ಲಿ ಮರ್ಯಾದೆಯಿಂದ ಪತ್ರ ಬರೆಯುವ ಮಿಕ್ಕವರದು? ಅದಕ್ಕೂ ಇದೆ. ಗಡಿಯಾಚೆಯಿಂದ ಆ ಒಬ್ಬನ ಹೆಸರು ಸಲೀಸಾಗಿ ಸಿಕ್ಕಿದ್ದರೆ ಈ ಎರಡೂ ಖಾಸಗಿತನಗಳು ಕೋರ್ಟಿನಲ್ಲಿ ಎದುರುಬದುರಾಗಿ ನಿಲ್ಲಬೇಕಾಗಿರಲಿಲ್ಲ.

"ಅದಕ್ಕೇ ಕಣ್ರೀ ಅಂತರರಾಷ್ಟ್ರೀಯ ಕಾನೂನು ಬೇಕು ಅನ್ನೋದು" ಅಂದರು ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯುವ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸ್ವಲ್ಪ ತಾಳಿ ಸಾರ್ ಅಂದೆ. ಇದೇ ಪ್ರೋಟಾನ್ 2021ರಲ್ಲಿ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರನ ಐ.ಪಿ. ವಿಳಾಸವನ್ನು ದಾಖಲಿಸಿ ಕೊಟ್ಟಿತು. ಕಾನೂನು ಪ್ರಕಾರವೇ. ಫ್ರೆಂಚ್ ಪೊಲೀಸರು ಯುರೋಪೋಲ್ ಮೂಲಕ ಕೇಳಿದರು, ಸ್ವಿಸ್ ಅಧಿಕಾರಿಗಳು ಆದೇಶ ಹೊರಡಿಸಿದರು. ಆ ಕಂಪನಿಯ ಹೆಣ್ಣುಮಕ್ಕಳಿಗೆ ತೆರೆಯದ ಬಾಗಿಲು ಅಲ್ಲಿ ತೆರೆಯಿತು. ಬಾಗಿಲಿಗೇನು ಗೊತ್ತು, ಹಿಡಿಯಬೇಕಾದವನು ಪೋಕರಿಯೋ ಗಿಡ ಉಳಿಸಿ ಅನ್ನುವವನೋ? ಚಿಲಕ ತೆಗೆಯುವವರಿಗೆ ಗೊತ್ತಿರಬೇಕು.

ಈಗ ವಿಶ್ವಸಂಸ್ಥೆಯವರು ಹೊಸ ಬಾಗಿಲು ಮಾಡಿಸಿದ್ದಾರೆ, ತಮ್ಮದೇ ಒಂದು ಸೈಬರ್ ಅಪರಾಧದ ಒಪ್ಪಂದ. 2019ರಲ್ಲಿ ರಷ್ಯಾ ಹಚ್ಚಿದ ಒಲೆ. ವರ್ಷಗಟ್ಟಲೆ ಬೆಂದು, 2024ರ ಡಿಸೆಂಬರ್ 24ರಂದು ಸಾಮಾನ್ಯ ಸಭೆಯಲ್ಲಿ ಬಡಿಸಿದರು. ಅದರ ಪೂರ್ತಿ ಹೆಸರು ನಮ್ಮ ಮಹಾರಾಜರ ಬಿರುದಾವಳಿಗಿಂತ ಉದ್ದ, ಓದಿ ಮುಗಿಸುವಷ್ಟರಲ್ಲಿ ಕಳ್ಳ ಇನ್ನಿಬ್ಬರಿಗೆ ಫೋನ್ ಮಾಡಿರುತ್ತಾನೆ. 2025ರ ಅಕ್ಟೋಬರ್ 25ರಂದು ಹನೋಯ್‌ನಲ್ಲಿ ಅರವತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ವಿಯೆಟ್ನಾಂ ಅಂದರೆ ಸರ್ಕಾರವನ್ನು ಟೀಕಿಸಿ ಇಂಟರ್ನೆಟ್ಟಿನಲ್ಲಿ ಬರೆದವರನ್ನು ಜೈಲಿಗೆ ಕಳಿಸಿರುವ ದೇಶ. ಜಾಗ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇದೆ ಅಂತ ಲೆಕ್ಕ. ಅಲ್ಲಿ ಸಹಿ ಹಾಕಿದವರಲ್ಲಿ ಭಾರತ ಇರಲಿಲ್ಲ, ಅಮೆರಿಕವೂ ಇರಲಿಲ್ಲ. ಕರಡಿನ ಮಾತುಕತೆಯಲ್ಲಿ ಮಾತ್ರ ಭಾರತ ಈ ಸಲ ಮೊದಲಿಂದ ಕೂತಿತ್ತು.

ಒಳಗೇನಿದೆ? ಬೇಕಾದದ್ದೂ ಇದೆ. ಒಂದೊಂದು ದೇಶವೂ ಹಗಲು ರಾತ್ರಿ ಫೋನ್ ಎತ್ತುವ ಒಂದು ಕೇಂದ್ರ ಇಟ್ಟಿರಬೇಕು, ಅಳಿಸಿಹೋಗುವ ಮಾಹಿತಿಯನ್ನು ಕೇಳಿದ ತಕ್ಷಣ ಹಿಡಿದಿಡಬೇಕು. ದೊಡ್ಡಮ್ಮನಷ್ಟು ಅದೃಷ್ಟ ಇಲ್ಲದವರಿಗೆ ಇದರಿಂದ ಉಪಯೋಗ ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಒಪ್ಪಂದ ಬರೀ ಸೈಬರ್ ಕಳ್ಳತನಕ್ಕೆ ನಿಲ್ಲುವುದಿಲ್ಲ. ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಯಾವುದೇ ಅಪರಾಧ "ಗಂಭೀರ ಅಪರಾಧ". ಅದಕ್ಕೆ ಬೇಕಾದ ವಿದ್ಯುನ್ಮಾನ ಸಾಕ್ಷ್ಯವನ್ನು ಒಂದು ದೇಶ ಇನ್ನೊಂದರಿಂದ ಕೇಳಬಹುದು. ಥಾಯ್ಲೆಂಡಿನಲ್ಲಿ ರಾಜರನ್ನು ಅವಮಾನಿಸಿದರೆ ಒಂದೊಂದು ಸಲಕ್ಕೂ ಮೂರರಿಂದ ಹದಿನೈದು ವರ್ಷ. ಅಂಥ ಕಾನೂನು ನಮಗಿದ್ದರೆ ದಸರಾ ಮುಗಿದ ಮಾರನೇ ದಿನ ಮೈಸೂರಿನಲ್ಲಿ ಹಾಲು ಹಾಕುವುದಕ್ಕೂ ಜನ ಉಳಿಯುತ್ತಿರಲಿಲ್ಲ. 1947ರಲ್ಲಿ ಮಹಾರಾಜರ ಎದುರಿಗೇ "ಮೈಸೂರು ಚಲೋ" ಮಾಡಿದ ಊರು ಸ್ವಾಮಿ ಇದು. ನಮ್ಮಲ್ಲಿ ಅಪರಾಧವೇ ಅಲ್ಲದ್ದಕ್ಕೆ ನೆರವು ಕೊಡುವುದಿಲ್ಲ ಅನ್ನಲು, ರಾಜಕೀಯ ಅಭಿಪ್ರಾಯಕ್ಕಾಗಿ ಕಾಡುವಂತಿದ್ದರೆ ಆಗುವುದಿಲ್ಲ ಅನ್ನಲು ಒಪ್ಪಂದದಲ್ಲಿ ಅವಕಾಶ ಇದೆ. ಅವಕಾಶ ಇದೆ, ಅಷ್ಟೇ. ಅನ್ನಲೇಬೇಕು ಅಂತಿಲ್ಲ. ಪಕ್ಕದ ರಾಜ್ಯದಿಂದ ಗೆಳೆಯ ಮಂತ್ರಿ ಫೋನ್ ಮಾಡಿದರೆ ಇಲ್ಲ ಅನ್ನುವ ಅಧಿಕಾರಿ ನಿಮಗೆ ಗೊತ್ತಿದ್ದರೆ ಹೇಳಿ.

ನನ್ನ ತಕರಾರು ಇರುವುದು ಇನ್ನೊಂದು ಸಾಲಿನ ಮೇಲೆ. ಅದು ಬುಡಾಪೆಸ್ಟಿನದರಲ್ಲೂ ಇದೆ, ವಿಶ್ವಸಂಸ್ಥೆಯದರಲ್ಲೂ ಇದೆ. ಯಾರದಾದರೂ ಮಾತುಕತೆಯನ್ನು ಸರ್ಕಾರ ಕದ್ದು ಕೇಳುತ್ತಿದ್ದರೆ ಆ ವಿಷಯವನ್ನು ಕಂಪನಿಯವರು ಗುಟ್ಟಾಗಿಡುವಂತೆ ಕಾನೂನು ಮಾಡಬೇಕಂತೆ. ನಮ್ಮ ಮನೆಯ ಐ.ಟಿ. ಕಾಯ್ದೆಯ 2009ರ ನಿಯಮಗಳೂ ಇದನ್ನೇ ಹೇಳುತ್ತವೆ. ಕೇಳುವುದಕ್ಕೆ ಅಪ್ಪಣೆ ಕೊಡುವವರೂ ನ್ಯಾಯಾಧೀಶರಲ್ಲ, ಗೃಹ ಕಾರ್ಯದರ್ಶಿ. ತನಿಖೆ ನಡೆಯುವಾಗ ಗುಟ್ಟು ಬೇಕು, ಒಪ್ಪಿದೆ; ಕಳ್ಳನಿಗೆ ಮೊದಲೇ ಪತ್ರ ಬರೆದು ಹಿಡಿಯಲು ಹೋಗುವವರುಂಟೇ? ಆದರೆ ತನಿಖೆ ಮುಗಿದು, ಏನೂ ಸಿಗದೆ ಕಡತ ಕಟ್ಟಿಟ್ಟ ಮೇಲೂ ನಿಮಗೆ ತಿಳಿಸಬೇಕು ಅನ್ನುವ ಮಾತು ಆ ಉದ್ದನೆಯ ಹೆಸರಿನ ಒಪ್ಪಂದದಲ್ಲಿ ಇಲ್ಲ. ರಕ್ಷಣೆಯೆಲ್ಲ ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಅಲ್ಲ, ದೊಡ್ಡಮ್ಮನಿಗೆ ಫೋನ್ ಮಾಡಿದವನು ಹೇಳಿದ್ದಾದರೂ ಏನು? ನಿಮ್ಮ ವಿಷಯ ನಮಗೆಲ್ಲ ಗೊತ್ತು, ನಾವು ಯಾರೆಂದು ಕೇಳಬೇಡಿ, ಹೊರಗೆ ಬಾಯಿ ಬಿಡಬೇಡಿ. ಒಬ್ಬ ಕಳ್ಳ, ಒಬ್ಬರು ಕಳ್ಳನನ್ನು ಹಿಡಿಯುವವರು. ಮಾತು ಮಾತ್ರ ಒಂದೇ ಆದರೆ ಗಾಬರಿಯಾಗುತ್ತದೆ.

ನಮ್ಮ ಕೆರೆ ಏರಿಯ ಹರಟೆಯಲ್ಲಿ ಎಷ್ಟೇ ಮಾನ ಹೋದರೂ ಒಂದು ನ್ಯಾಯ ಇತ್ತು. ನನ್ನ ಸಕ್ಕರೆ ಎಷ್ಟು ಅಂತ ನಿಮಗೆ ಗೊತ್ತಿದ್ದರೆ ನಿಮ್ಮ ಅಳಿಯನ ಸಾಲ ಎಷ್ಟು ಅಂತ ನನಗೂ ಗೊತ್ತಿತ್ತು. ನನ್ನ ವಿಷಯ ಹೇಳಿಕೊಂಡು ತಿರುಗಿದವರು ಯಾರು ಅಂತ ಸಂಜೆಯೊಳಗೆ ನನಗೆ ವರದಿ ಬರುತ್ತಿತ್ತು, ಮಾರನೇ ದಿನ ಎದುರಿಗೆ ಸಿಕ್ಕಾಗ ಮುಖ ತಿರುಗಿಸುವ ಹಕ್ಕಾದರೂ ಇತ್ತು. ಕುವೆಂಪುನಗರದ ನನ್ನ ಫೋಟೋ ಐರ್ಲೆಂಡಿನ ಯಾವುದೋ ಡೇಟಾ ಗೋದಾಮಿನಿಂದ ಮೂರನೇ ದೇಶದ ಯಾವುದೋ ಮೇಜಿಗೆ ಹೋದರೆ ನಾನು ಯಾರನ್ನು ನೋಡಿ ಮುಖ ತಿರುಗಿಸಲಿ?

"ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆಯಲ್ಲ" ಅಂದರು ಮ್ಯಾನೇಜರು. ಬಂದಿದೆ. 2023ರಲ್ಲಿ ಕಾಯ್ದೆ, 2025ರ ನವೆಂಬರಿನಲ್ಲಿ ನಿಯಮ. ಮಾಹಿತಿ ಸೋರಲು ಬಿಟ್ಟ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಿದ ತಕ್ಷಣ ಅವರ ಮುಖ ಅರಳಿತು. ದಂಡ ಹೋಗುವುದು ಸರ್ಕಾರದ ಬೊಕ್ಕಸಕ್ಕೆ ಸಾರ್, ಮಾಹಿತಿ ಕಳೆದುಕೊಂಡ ನಿಮಗಲ್ಲ ಅಂದೆ. ನಿಮಗೂ ಇದೆ, ಇಲ್ಲ ಅನ್ನಬೇಡಿ: ಸುಳ್ಳು ದೂರು, ಕ್ಷುಲ್ಲಕ ದೂರು ಕೊಟ್ಟಿರಿ ಅಂತಾದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ನಿಮಗೇ ಮೀಸಲು. ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ದೇಶದ ಭದ್ರತೆ ಇತ್ಯಾದಿ ಕಾರಣಕ್ಕೆ ಕಾಯ್ದೆಯಿಂದಲೇ ಹೊರಗಿಡಬಹುದು ಅಂತಲೂ ಇದೆ ಅಂದಾಗ ಅವರು ಮಾತು ಬದಲಿಸಿ ಮಂಡಿನೋವಿನ ಬಗ್ಗೆ ಹೇಳತೊಡಗಿದರು.

ಆದರೂ ಅವರು ಬಿಡುವವರಲ್ಲ. ಇನ್ನರ್ಧ ಸುತ್ತು ಆದ ಮೇಲೆ ನಿಂತರು. "ಬರೀ ಕೊಂಕು ತೆಗೀತೀರಲ್ಲ, ಕೊನೆಗೆ ಭಾರತ ಸಹಿ ಹಾಕ್ಬೇಕೋ ಬೇಡ್ವೋ? ಒಂದು ಹೇಳಿ."

"ಹಾಕ್ಲಿ ಸಾರ್. ಕಳ್ಳ ಸಿಗ್ಬೇಕು. ಆದ್ರೆ ನಮ್ ಕಾನೂನಲ್ಲಿ ಮೊದ್ಲು ಎರಡು ಸಾಲು ಸೇರಿಸ್ಲಿ. ಅಪ್ಪಣೆ ಕೊಡೋರು ನ್ಯಾಯಾಧೀಶರಾಗಿರ್ಲಿ. ಕೆಲ್ಸ ಮುಗಿದ್ಮೇಲೆ, ಇಂಥ ದಿನ ಇಂಥವ್ರು ಕೇಳಿದ್ರು, ನಿಮ್ ಫೋನ್ ನೋಡಿದ್ವಿ, ಏನೂ ಸಿಗ್ಲಿಲ್ಲ ಅಂತ ಒಂದು ಕಾಗ್ದ ಬರೀಲಿ."

ಮ್ಯಾನೇಜರು ಕೆರೆಯ ಆಚೆ ದಡಕ್ಕೆ ಕೇಳಿಸುವಷ್ಟು ಜೋರಾಗಿ ನಕ್ಕರು. "ಕಾಗ್ದ! ನಾನು ಬದುಕಿದೀನಿ ಅಂತ ಪ್ರತಿ ನವೆಂಬರ್ ಹೋಗಿ ನಾನೇ ಬೆರಳೊತ್ತಿ ಹೇಳ್ಬೇಕು. ಬೆರಳು ಸವೆದಿದೆ, ತಗೊಳಲ್ಲ ಅಂದ್ರೆ ಮುಖ ತೋರಿಸ್ಬೇಕು. ಇವ್ರು ನಂಗೆ ಕಾಗ್ದ ಬರೀತಾರಾ?"

"ಫೋನ್ ನೋಡ್ತಿದ್ರೆ ನೀವು ಬದುಕಿರೋದು ಅವ್ರಿಗೇ ಗೊತ್ತಾಗುತ್ತಲ್ಲ ಸಾರ್" ಅಂದೆ.

"ಗೊತ್ತಾಗುತ್ತೆ. ಪಿಂಚಣಿ ಆಫೀಸಿಗೆ ಹೇಳಲ್ಲ" ಅಂದರು.